ಕರುಳಿನ ತುಂಬ ಬ್ಯಾಕ್ಟೀರಿಯಾ ಇದ್ದರೂ ಟಿಎಲ್‌ಆರ್‌ಗಳು ಯಾಕೆ ಗಲಾಟೆ ಮಾಡುವುದಿಲ್ಲ?

ಶ್ವೇತಾ_ಎಂಎಸ್ಸಿ:

ಇಮ್ಯುನಾಲಜಿ ಓದುವಾಗ ಒಂದು ವಿಷಯ ತಲೆ ಕೊರೆಯುತ್ತಿದೆ. ಗೊತ್ತಿರುವವರು ಬಿಡಿಸಿ ಹೇಳಿ. ಟಿಎಲ್‌ಆರ್ ಎಂದರೆ ಟೋಲ್-ಲೈಕ್ ರಿಸೆಪ್ಟರ್, ಬ್ಯಾಕ್ಟೀರಿಯಾದಂಥವುಗಳ ತುಣುಕನ್ನು ಗುರುತಿಸುವ ನಮ್ಮ ಕೋಶಗಳ ಪ್ರೋಟೀನ್.

ಟಿಎಲ್‌ಆರ್ 4 ಎಂಬ ರಿಸೆಪ್ಟರ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆ ಅಣುವನ್ನು ಗುರುತಿಸುತ್ತದೆ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲ ಇದೆಯಲ್ಲ, ಅದರ ಪ್ರೋಟೀನ್ ಫ್ಲಾಜೆಲಿನ್. ಅದನ್ನು ಗುರುತಿಸುವುದು ಟಿಎಲ್‌ಆರ್ 5. ಡಿಎನ್‌ಎ ಸಿಕ್ಕರೆ ಟಿಎಲ್‌ಆರ್ 9. ಗುರುತಿಸಿದ ಮೇಲೆ ಒಳಗೆ ಸಂಕೇತ ಸಾಗಿಸುವ ಮೈಡಿ88 ಎಂಬ ಪ್ರೋಟೀನ್ ಎದ್ದೇಳುತ್ತದೆ, ಆಮೇಲೆ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್ ಕಪ್ಪಾ ಬಿ, ಆಮೇಲೆ ಉರಿಯೂತ. ಪುಸ್ತಕದಲ್ಲಿ ಇದು ನೀಟಾಗಿದೆ.

ಆದರೆ ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಅದರಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲೇ ಇವೆ ಎಂದು ಇನ್ನೊಂದು ಅಧ್ಯಾಯದಲ್ಲಿದೆ. ಅವುಗಳಲ್ಲಿ ಎಷ್ಟಕ್ಕೋ ಎಲ್‌ಪಿಎಸ್ ಇದೆ, ಬಾಲ ಇದೆ, ಡಿಎನ್‌ಎ ಅಂತೂ ಎಲ್ಲಕ್ಕೂ ಇದೆ. ಹಾಗಾದರೆ ಕರುಳು ದಿನವಿಡೀ ಉರಿಯುತ್ತಿರಬೇಕಿತ್ತು, ಅಲ್ವಾ? ಇದು ಒಳ್ಳೆಯ ಬ್ಯಾಕ್ಟೀರಿಯಾ, ಇದು ಕೆಟ್ಟದ್ದು ಎಂದು ರಿಸೆಪ್ಟರ್‌ಗೆ ಹೇಗೆ ಗೊತ್ತಾಗುತ್ತದೆ?

ರಾಘು_ಬಯೋಕೆಮ್:

ಕರುಳಿನಲ್ಲಿ ವಾಸ ಇರುವ ಬ್ಯಾಕ್ಟೀರಿಯಾಗಳ ಎಲ್‌ಪಿಎಸ್ ರಚನೆಯೇ ಬೇರೆ. ಟಿಎಲ್‌ಆರ್ 4ಕ್ಕೆ ಅದು ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಗಲಾಟೆ ಇಲ್ಲ.

ಕರುಳುಕೋಶ:

ರಾಘು ಹೇಳಿದ್ದು ನಿಜ, ಆದರೆ ಅದು ಸಣ್ಣ ಭಾಗ. ಇ. ಕೊಲೈ ಬ್ಯಾಕ್ಟೀರಿಯಾ ಕೂಡ ಆರೋಗ್ಯವಂತರ ಕರುಳಿನಲ್ಲಿ ವಾಸ ಇರುತ್ತದೆ, ಅದರ ಎಲ್‌ಪಿಎಸ್ ಟಿಎಲ್‌ಆರ್ 4ಕ್ಕೆ ಚೆನ್ನಾಗಿಯೇ ಕೂರುತ್ತದೆ. ಆದರೂ ಸುಮ್ಮನೆ ಕೂತಿದ್ದರೆ ಏನೂ ಆಗುವುದಿಲ್ಲ.

ಶ್ವೇತಾ, ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಗಂಟು ಇದೆ. ರಿಸೆಪ್ಟರ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅದು ನೋಡುವ ತುಣುಕು ಎರಡರಲ್ಲೂ ಇರುತ್ತದೆ. ಕರುಳು ಲೆಕ್ಕ ಹಾಕುವುದು ಆ ತುಣುಕು ಎಲ್ಲಿ ಸಿಕ್ಕಿತು ಎಂಬುದನ್ನು. ಮನೆ ಮುಂದಿನ ರಸ್ತೆಯಲ್ಲಿ ಹೋಗುವವರನ್ನು ನಾವು ಕೇಳುವುದಿಲ್ಲ, ಅದೇ ಮನುಷ್ಯ ನಡುರಾತ್ರಿ ಅಡುಗೆಮನೆಯಲ್ಲಿ ನಿಂತಿದ್ದರೆ ಕೂಗಿಕೊಳ್ಳುತ್ತೇವೆ. ಆ ಥರ.

ಮೊದಲನೆಯದು ದೂರ. ದೊಡ್ಡ ಕರುಳಿನ ಒಳಗೋಡೆ ಒಂದೇ ಒಂದು ಸಾಲು ಜೀವಕೋಶ, ಅದರ ಮೇಲೆ ಲೋಳೆ. ಲೋಳೆಯಲ್ಲಿ ಎರಡು ಪದರ ಇದೆ. ಹೊರಗಿನದು ಸಡಿಲ, ಅದರಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿರುತ್ತವೆ. ಒಳಗಿನದು ಗಟ್ಟಿಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ, ಅದರೊಳಗೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಇರುವುದೇ ಇಲ್ಲ. ಈ ಲೋಳೆಯ ಮುಖ್ಯ ಪ್ರೋಟೀನ್ ಮಕ್2. ಅದರ ಜೀನ್ ತೆಗೆದ ಇಲಿಗಳಲ್ಲಿ ಬ್ಯಾಕ್ಟೀರಿಯಾ ನೇರ ಗೋಡೆಗೆ ಬಂದು ತಾಗುತ್ತವೆ, ಇಲಿಗಳಿಗೆ ತಾನಾಗಿಯೇ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಉರಿಯೂತ, ಶುರುವಾಗುತ್ತದೆ. ಬೇರೆ ಯಾವ ಸೋಂಕೂ ಬೇಕಿಲ್ಲ.

ಸಣ್ಣ ಕರುಳಿನಲ್ಲಿ ಲೋಳೆ ಅಷ್ಟು ಬಿಗಿ ಇಲ್ಲ, ಅಲ್ಲಿ ಬೇರೆ ವ್ಯವಸ್ಥೆ. ವಿಲ್ಲೈ ಎಂಬ ಬೆರಳಿನಂಥ ಚಾಚುಗಳ ಬುಡದಲ್ಲಿ ಸಣ್ಣ ಸಣ್ಣ ಗುಂಡಿಗಳಿವೆ, ಕ್ರಿಪ್ಟ್ ಎನ್ನುತ್ತಾರೆ. ಎಚ್ ಅಂಡ್ ಇ ಬಣ್ಣ ಹಾಕಿದ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ಗುಂಡಿಯ ತಳಕ್ಕೆ ಫೋಕಸ್ ಮಾಡಿ, ಕೆಂಪು ಕಾಳು ಕಾಳಾಗಿ ತುಂಬಿಕೊಂಡ ಜೀವಕೋಶಗಳು ಕಾಣುತ್ತವೆ. ಅವು ಪ್ಯಾನೆತ್ ಕೋಶಗಳು. ಆ ಕಾಳುಗಳಲ್ಲಿ ಡಿಫೆನ್ಸಿನ್, ಲೈಸೋಝೈಮ್ ಥರದ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳಿವೆ. ಇಲಿಗಳಲ್ಲಿ ಇಂಥದ್ದೇ ಇನ್ನೊಂದು ಪ್ರೋಟೀನ್ ರೆಗ್3 ಗಾಮಾ. 2011ರಲ್ಲಿ ಲೋರಾ ಹೂಪರ್ ಅವರ ಲ್ಯಾಬ್ ತೋರಿಸಿದ್ದು ಏನೆಂದರೆ, ಗೋಡೆಗೂ ಬ್ಯಾಕ್ಟೀರಿಯಾಕ್ಕೂ ನಡುವೆ ಸುಮಾರು 50 ಮೈಕ್ರಾನ್ ಖಾಲಿ ಜಾಗ ಉಳಿಯುವುದು ಈ ರೆಗ್3 ಗಾಮಾದಿಂದ. ಅದಿಲ್ಲದ ಇಲಿಗಳಲ್ಲಿ ಆ ಜಾಗ ಮುಚ್ಚಿಹೋಗುತ್ತದೆ. ಇದನ್ನು ತಯಾರಿಸು ಎಂದು ಆಜ್ಞೆ ಕೊಡುವುದು ಯಾರು ಗೊತ್ತಾ? ನೀವು ಉರಿಯೂತದ ಲೆಕ್ಕಕ್ಕೆ ಹಾಕಿದ ಅದೇ ಮೈಡಿ88.

ಎರಡನೆಯದು ಕೋಶದ ಯಾವ ಮಗ್ಗುಲು ಎಂಬುದು. ಕರುಳಿನ ಕೋಶಕ್ಕೆ ಮೇಲ್ಗಡೆ ಬೇರೆ, ಕೆಳಗಡೆ ಬೇರೆ. ಟಿಎಲ್‌ಆರ್ 5 ಮೇಲಿನ ಮಗ್ಗುಲಲ್ಲಿ ಕಡಿಮೆ, ತಳದ ಮಗ್ಗುಲಲ್ಲಿ ಜಾಸ್ತಿ. ಅಂದರೆ ಫ್ಲಾಜೆಲಿನ್ ಗೋಡೆ ದಾಟಿ ಆಚೆ ಬಂದರೆ ಮಾತ್ರ ಜೋರು ಸದ್ದು. ಟಿಎಲ್‌ಆರ್ 9 ಇನ್ನೂ ವಿಚಿತ್ರ. ಅದು ಎರಡೂ ಕಡೆ ಕೆಲಸ ಮಾಡುತ್ತದೆ, ಆದರೆ ಮೇಲಿನಿಂದ ಡಿಎನ್‌ಎ ತಾಗಿದರೆ ಎನ್‌ಎಫ್ ಕಪ್ಪಾ ಬಿ ದಾರಿಯನ್ನು ತಡೆಯುತ್ತದೆ, ತಳದಿಂದ ತಾಗಿದರೆ ತೆರೆಯುತ್ತದೆ. 2006ರಲ್ಲಿ ಇದು ಪ್ರಕಟವಾದಾಗ ಎಷ್ಟೋ ಜನರ ಯೋಚನೆಯ ದಿಕ್ಕೇ ಬದಲಾಯಿತು. ಒಂದೇ ರಿಸೆಪ್ಟರ್, ಒಂದೇ ತುಣುಕು, ಉತ್ತರ ಮಾತ್ರ ಉಲ್ಟಾ.

ಟಿಎಲ್‌ಆರ್ 4 ವಿಷಯಕ್ಕೆ ಬಂದರೆ, ಅದು ಒಬ್ಬಂಟಿಯಾಗಿ ಏನೂ ಮಾಡಲಾರದು, ಎಂಡಿ-2 ಎಂಬ ಜೊತೆಗಾರ ಬೇಕೇ ಬೇಕು. ಆರೋಗ್ಯವಾಗಿರುವ ಕರುಳಿನ ಗೋಡೆಯ ಕೋಶಗಳಲ್ಲಿ ಎರಡೂ ಕಡಿಮೆ ಪ್ರಮಾಣದಲ್ಲಿರುತ್ತವೆ.

ಶ್ವೇತಾ_ಎಂಎಸ್ಸಿ:

ಅಬ್ಬಾ, ಇದನ್ನು ಎರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ಹಾಗಾದರೆ ಕರುಳಿನಲ್ಲಿ ಈ ರಿಸೆಪ್ಟರ್‌ಗಳು ಇರುವುದು ಬರೀ ಅಪಾಯ ಬಂದಾಗ ಮಾತ್ರಕ್ಕಾ? ಕೊಲೈಟಿಸ್ ಇರುವವರಲ್ಲಿ ಎಲ್ಲ ಟಿಎಲ್‌ಆರ್‌ಗಳನ್ನೂ ಔಷಧಿ ಕೊಟ್ಟು ಮುಚ್ಚಿಬಿಟ್ಟರೆ ಉರಿಯೂತ ನಿಲ್ಲಬೇಕಲ್ಲ?

ಹಳೇ_ಪೇಪರ್_ಪ್ರೇಮಿ:

ಈ ಪ್ರಶ್ನೆಗೆ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಇದೆ. 2004, ಸೆಲ್ ಪತ್ರಿಕೆ, ರಾಕಾಫ್-ನಹೂಮ್ ಮತ್ತು ಮೆಡ್ಜಿಟೋವ್ ತಂಡ.

ಡಿಎಸ್ಎಸ್ ಅಂತ ಒಂದು ರಾಸಾಯನಿಕ ಇದೆ. ಕುಡಿಯುವ ನೀರಿಗೆ ಬೆರೆಸಿ ಇಲಿಗೆ ಕೊಟ್ಟರೆ ದೊಡ್ಡ ಕರುಳಿನ ಗೋಡೆ ಹಾಳಾಗುತ್ತದೆ. ಇಲಿ ಸಣ್ಣಗಾಗುತ್ತದೆ, ಮಲದಲ್ಲಿ ರಕ್ತ ಹೋಗುತ್ತದೆ. ಸಾಧಾರಣ ಇಲಿಗಳು ಹದವಾದ ಪ್ರಮಾಣವನ್ನು ತಡೆದುಕೊಳ್ಳುತ್ತವೆ. ಈಗ ಮೈಡಿ88 ಇಲ್ಲದ ಇಲಿಗಳಿಗೆ ಕೊಟ್ಟರೆ ಏನಾಗಬೇಕು? ಉರಿಯೂತದ ದಾರಿಯೇ ಕಡಿದುಹೋಗಿದೆ, ಹಾಗಾಗಿ ಅವು ಚೆನ್ನಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆಗಿದ್ದು ತದ್ವಿರುದ್ಧ. ಅವುಗಳಿಗೆ ರಕ್ತಸ್ರಾವ ಜಾಸ್ತಿಯಾಯಿತು, ಬಹಳಷ್ಟು ಸತ್ತೇಹೋದವು. ಟಿಎಲ್‌ಆರ್ 2 ಇಲ್ಲದವು, ಟಿಎಲ್‌ಆರ್ 4 ಇಲ್ಲದವು, ಅವಕ್ಕೂ ಕಷ್ಟವೇ ಆಯಿತು.

ಇನ್ನೂ ಮುಂದೆ ಹೋದರು. ಎಲ್ಲ ಜೀನೂ ಸರಿಯಿರುವ ಇಲಿಗಳಿಗೆ ನಾಲ್ಕು ಥರದ ಆ್ಯಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತೊಳೆದುಹಾಕಿ, ಆಮೇಲೆ ಡಿಎಸ್ಎಸ್ ಕೊಟ್ಟರು. ಅವೂ ಸತ್ತವು. ಆದರೆ ಅದೇ ಇಲಿಗಳ ನೀರಿಗೆ ಬರೀ ಎಲ್‌ಪಿಎಸ್ ಬೆರೆಸಿದಾಗ ಬದುಕಿಕೊಂಡವು! ಜೀವಂತ ಬ್ಯಾಕ್ಟೀರಿಯಾ ಇಲ್ಲ, ಅದರ ತುಣುಕು ಮಾತ್ರ. ಯಾವುದನ್ನು ನಾವು ವಿಷ ಎಂದು ಓದುತ್ತೇವೋ ಅದು.

ಅಂದರೆ ಸಣ್ಣ ಪ್ರಮಾಣದ ಸಂಕೇತ ಸದಾ ಬರುತ್ತಲೇ ಇರಬೇಕು. ಅದರಿಂದಲೇ ಗಾಯ ಮಾಯುವ ಕೆಲಸ ನಡೆಯುತ್ತದೆ, ಕೋಶಗಳನ್ನು ಕಾಪಾಡುವ ಪ್ರೋಟೀನುಗಳು ಹುಟ್ಟುತ್ತವೆ. ಆದ್ದರಿಂದ "ಅಪಾಯ ಬಂದಾಗ ಮಾತ್ರ" ಎಂಬುದು ಸರಿಯಲ್ಲ. ಎಲ್ಲ ಮುಚ್ಚಿದರೆ ರಿಪೇರಿಯೂ ನಿಂತುಹೋಗುತ್ತದೆ.

ಔಷಧಿ ಕೊಟ್ಟು ಮುಚ್ಚುವುದರ ಬಗ್ಗೆ: ಕರುಳಿಗೆ ಅಲ್ಲ, ಸೋಂಕು ಮೈಯೆಲ್ಲ ಕೆಡಿಸುವ ಸೆಪ್ಸಿಸ್‌ಗೆ ಎಂದು ಟಿಎಲ್‌ಆರ್ 4 ತಡೆಯುವ ಎರಿಟೋರಾನ್ ಎಂಬ ಔಷಧಿ ದೊಡ್ಡ ಮಟ್ಟದ ಪರೀಕ್ಷೆವರೆಗೂ ಬಂದಿತ್ತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು, 28 ದಿನದೊಳಗಿನ ಸಾವು ಕಡಿಮೆಯಾಗಲಿಲ್ಲ.

ರಾಘು_ಬಯೋಕೆಮ್:

ನನ್ನ ಮೊದಲ ಪೋಸ್ಟ್ ತೀರಾ ಚಿಕ್ಕದಾಯಿತು, ಬಿಡಿಸಿ ಬರೆಯುತ್ತೇನೆ. ಇದು ಸಣ್ಣ ಭಾಗ ಎಂಬುದನ್ನು ನಾನು ಒಪ್ಪುವುದಿಲ್ಲ.

ಎಲ್‌ಪಿಎಸ್‌ನಲ್ಲಿ ಟಿಎಲ್‌ಆರ್ 4ಕ್ಕೆ ಬೇಕಾದ ಭಾಗ ಲಿಪಿಡ್ ಎ. ಅದಕ್ಕೆ ಕೊಬ್ಬಿನ ಸರಪಳಿಗಳು ನೇತಾಡುತ್ತಿರುತ್ತವೆ. ಇ. ಕೊಲೈಯಲ್ಲಿ ಆರು ಸರಪಳಿ, ಎರಡು ಫಾಸ್ಫೇಟ್. ಐದು ಸರಪಳಿ ಎಂಡಿ-2ರ ಜೇಬಿನೊಳಗೆ ಇಳಿಯುತ್ತವೆ, ಆರನೆಯದು ಹೊರಗೆ ಉಳಿದು ಪಕ್ಕದ ಟಿಎಲ್‌ಆರ್ 4 ಅನ್ನು ಹಿಡಿದುಕೊಳ್ಳುತ್ತದೆ. ಹಾಗೆ ಎರಡು ರಿಸೆಪ್ಟರ್ ಜೋಡಿಯಾದರೆ ಸಂಕೇತ ಹೊರಡುತ್ತದೆ. ಕರುಳಿನಲ್ಲಿ ತುಂಬಿರುವ ಬ್ಯಾಕ್ಟೆರಾಯ್ಡಿಸ್ ಗುಂಪಿನಲ್ಲಿ ಸರಪಳಿ ನಾಲ್ಕೋ ಐದೋ, ಫಾಸ್ಫೇಟೂ ಒಂದು ಕಡಿಮೆ. ಜೋಡಿ ಸರಿಯಾಗಿ ಆಗುವುದಿಲ್ಲ. ಎಷ್ಟೋ ಸಲ ಇಂಥ ಎಲ್‌ಪಿಎಸ್ ಜಾಗ ಹಿಡಿದು ಕೂತು ಇ. ಕೊಲೈಯ ಎಲ್‌ಪಿಎಸ್‌ಗೂ ಅಡ್ಡ ಬರುತ್ತದೆ.

2016ರಲ್ಲಿ ಫಿನ್‌ಲ್ಯಾಂಡ್, ಎಸ್ಟೋನಿಯಾ ಮತ್ತು ರಷ್ಯಾದ ಕರೇಲಿಯಾದ ಮಕ್ಕಳ ಮೇಲೆ ಒಂದು ಅಧ್ಯಯನ ಬಂತು. ಮೊದಲ ಎರಡು ಕಡೆ ಮಕ್ಕಳ ಕರುಳಿನಲ್ಲಿ ಬ್ಯಾಕ್ಟೆರಾಯ್ಡಿಸ್ ಜಾಸ್ತಿ, ಅದರ ಎಲ್‌ಪಿಎಸ್ ಪ್ರತಿರೋಧವನ್ನು ಮಲಗಿಸುವ ಥರದ್ದು. ಕರೇಲಿಯಾದ ಮಕ್ಕಳಲ್ಲಿ ಆ ಗುಂಪು ಕಡಿಮೆ. ಟೈಪ್ 1 ಮಧುಮೇಹ, ಅಲರ್ಜಿ ಜಾಸ್ತಿ ಇರುವುದೂ ಮೊದಲ ಎರಡು ಕಡೆಯೇ. ಇದು ಅದಕ್ಕೆ ಕಾರಣ ಎಂದು ಹೇಳಿಬಿಡಲಾಗದು, ಎರಡೂ ಒಟ್ಟಿಗೆ ಕಾಣುತ್ತವೆ ಅಷ್ಟೇ. ಆದರೆ ಎಲ್‌ಪಿಎಸ್ ಎಂದರೆ ಎಲ್ಲವೂ ಒಂದೇ ಎಂದುಕೊಳ್ಳಬಾರದು.

ಕರುಳು ತಾನೂ ಕೈ ಹಾಕುತ್ತದೆ. ಕರುಳಿನ ಗೋಡೆಯ ಆಲ್ಕಲೈನ್ ಫಾಸ್ಫಟೇಸ್ ಎಂಬ ಎಂಜೈಮ್ ಲಿಪಿಡ್ ಎ ಮೇಲಿನ ಫಾಸ್ಫೇಟ್ ಕಿತ್ತುಹಾಕುತ್ತದೆ, ಆಗ ಅದರ ಜೋರು ಇಳಿಯುತ್ತದೆ.

ಕರುಳುಕೋಶ:

ಸರಿ ರಾಘು, ಜೋಡಿಯಾಗುವ ವಿವರ ಚೆನ್ನಾಗಿ ಬರೆದಿರಿ. ಆದರೂ ಫ್ಲಾಜೆಲಿನ್, ಡಿಎನ್‌ಎ, ಬ್ಯಾಕ್ಟೀರಿಯಾ ಗೋಡೆಯ ಪೆಪ್ಟಿಡೋಗ್ಲೈಕಾನ್ ಇವಕ್ಕೆಲ್ಲ ಈ ವಾದ ಸಾಲದು, ಅಲ್ವಾ? ಜಾಗದ ವಿಷಯ ಎಲ್ಲಕ್ಕೂ ಅನ್ವಯಿಸುತ್ತದೆ. ಅದಕ್ಕೇ ನಾನು ಅದನ್ನು ಮುಂದಿಡುತ್ತೇನೆ.

ಹಳೇ_ಪೇಪರ್_ಪ್ರೇಮಿ:

ಟಿಎಲ್‌ಆರ್ 4 ಸಿಕ್ಕ ಕಥೆಯನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ, ಯಾಕೆಂದರೆ ಈ ಚರ್ಚೆಗೆ ಅದು ನೇರ ಸಂಬಂಧ.

ಟೋಲ್ ಜೀನ್ ಮೊದಲು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ, ಭ್ರೂಣದ ಬೆನ್ನು ಯಾವುದು ಹೊಟ್ಟೆ ಯಾವುದು ಎಂದು ತೀರ್ಮಾನಿಸುವ ಜೀನ್ ಎಂದು. 1996ರಲ್ಲಿ ಜೂಲ್ಸ್ ಹಾಫ್‌ಮನ್ ಲ್ಯಾಬಿನಲ್ಲಿ ಬ್ರೂನೋ ಲಮೇತ್ರ್ ಮತ್ತು ಜೊತೆಯವರು ಟೋಲ್ ಕೆಟ್ಟ ನೊಣಗಳು ಶಿಲೀಂಧ್ರದ ಸೋಂಕಿಗೆ ಸಾಯುತ್ತವೆ ಎಂದು ತೋರಿಸಿದರು. ಮೈಮೇಲೆಲ್ಲ ಆಸ್ಪರ್ಜಿಲಸ್ ಎಳೆಗಳು ಬೆಳೆದ ಸತ್ತ ನೊಣದ ಚಿತ್ರ ಆಗ ಬಂದದ್ದು. 1997ರಲ್ಲಿ ಮೆಡ್ಜಿಟೋವ್ ಮತ್ತು ಜೇನ್‌ವೇ ಮನುಷ್ಯರಲ್ಲೂ ಅಂಥದ್ದು ಇದೆ ಎಂದರು. ಆದರೆ ಅದು ಏನನ್ನು ಗುರುತಿಸುತ್ತದೆ ಎಂಬುದು ಬಾಕಿ ಇತ್ತು.

ಇತ್ತ ಸಿ3ಎಚ್/ಎಚ್ಇಜೆ ಎಂಬ ಒಂದು ಇಲಿ ತಳಿ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಲ್‌ಪಿಎಸ್ ಚುಚ್ಚಿದರೂ ಇವುಗಳಿಗೆ ಏನೂ ಆಗುತ್ತಿರಲಿಲ್ಲ. ಯಾಕೆ ಎಂದು ಬ್ರೂಸ್ ಬಾಯ್ಟ್ಲರ್ ತಂಡ ವರ್ಷಗಟ್ಟಲೆ ಹುಡುಕಿತು, 1998ರಲ್ಲಿ ಉತ್ತರ ಸಿಕ್ಕಿತು. ಟಿಎಲ್‌ಆರ್ 4ರ 712ನೇ ಜಾಗದಲ್ಲಿ ಪ್ರೋಲಿನ್ ಇರಬೇಕಾದಲ್ಲಿ ಹಿಸ್ಟಿಡಿನ್. ಒಂದೇ ಒಂದು ಅಮೈನೋ ಆಮ್ಲ. 2011ರ ನೊಬೆಲ್‌ನಲ್ಲಿ ಬಾಯ್ಟ್ಲರ್, ಹಾಫ್‌ಮನ್ ಇಬ್ಬರಿಗೂ ಪಾಲು ಬಂತು, ಇನ್ನರ್ಧ ರಾಲ್ಫ್ ಸ್ಟೈನ್‌ಮನ್ ಅವರಿಗೆ. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು. ಇಂಥ ರಿಸೆಪ್ಟರ್‌ಗಳು ಇರಲೇಬೇಕು ಎಂದು 1989ರಲ್ಲೇ ಬರೆದವರು ಅವರು, ಮೆಡ್ಜಿಟೋವ್ ಹೆಸರೂ ಆ ಪಟ್ಟಿಯಲ್ಲಿ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಖ್ಯ ವಿಷಯ ಇಲ್ಲಿದೆ. ಎಲ್‌ಪಿಎಸ್‌ಗೆ ಜಗ್ಗದ ಆ ಇಲಿಗಳು ಗಟ್ಟಿ ಇಲಿಗಳಲ್ಲ. ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾವನ್ನು ಜೀವಂತವಾಗಿ ಕೊಟ್ಟರೆ ಬೇರೆ ಇಲಿಗಳಿಗಿಂತ ಬೇಗ ಸಾಯುತ್ತವೆ. ಶತ್ರು ಒಳಗೆ ಬಂದದ್ದೇ ಗೊತ್ತಾಗುವುದಿಲ್ಲ ಅವಕ್ಕೆ.

ಶ್ವೇತಾ_ಎಂಎಸ್ಸಿ:

ಸಾಲ್ಮೊನೆಲ್ಲಾ ಎಂದಿರಲ್ಲ, ಅದಕ್ಕೂ ಬಾಲ ಇದೆ. ಹೆಲಿಕೋಬ್ಯಾಕ್ಟರ್ ಪೈಲೋರಿಗೂ ಇದೆ. ಟಿಎಲ್‌ಆರ್ 5 ಎರಡನ್ನೂ ಒಂದೇ ಥರ ಹಿಡಿಯುತ್ತದಾ?

ಕರುಳುಕೋಶ:

ಇಲ್ಲ. ಪೈಲೋರಿ ತನ್ನ ಫ್ಲಾಜೆಲಿನ್‌ನಲ್ಲಿ ಟಿಎಲ್‌ಆರ್ 5 ಹಿಡಿಯುವ ಜಾಗವನ್ನೇ ಬದಲಾಯಿಸಿಕೊಂಡಿದೆ, ಕ್ಯಾಂಪಿಲೋಬ್ಯಾಕ್ಟರ್ ಕೂಡ. ಹೊಟ್ಟೆಯಲ್ಲಿ ವರ್ಷಾನುಗಟ್ಟಲೆ ಠಿಕಾಣಿ ಹೂಡುವುದಕ್ಕೆ ಇದೂ ಅನುಕೂಲ.

ಸಾಲ್ಮೊನೆಲ್ಲಾ ಬೇರೆ ಆಟ ಆಡುತ್ತದೆ. ಅದು ಕೋಶದ ಒಳಗೇ ನುಗ್ಗುತ್ತದೆ. ಕೋಶದ ಒಳಗೆ ನೈಪ್ ಮತ್ತು ಎನ್‌ಎಲ್‌ಆರ್‌ಸಿ4 ಎಂಬ ಇನ್ನೊಂದು ಕಾವಲು ಇದೆ, ಅದು ಫ್ಲಾಜೆಲಿನ್ ಅನ್ನೂ ಬ್ಯಾಕ್ಟೀರಿಯಾ ಚುಚ್ಚಲು ಬಳಸುವ ಸೂಜಿಯ ಪ್ರೋಟೀನನ್ನೂ ಹಿಡಿಯುತ್ತದೆ. ಹಿಡಿದ ಮೇಲೆ ಕರುಳು ಆ ಕೋಶವನ್ನೇ ಗೋಡೆಯಿಂದ ಕಿತ್ತು ಹೊರಗೆ ತಳ್ಳುತ್ತದೆ, ಒಳಗಿದ್ದ ಬ್ಯಾಕ್ಟೀರಿಯಾ ಸಮೇತ. ಗೋಡೆಯ ಕೋಶಗಳು ಹೇಗೂ ಮೂರರಿಂದ ಐದು ದಿನಕ್ಕೆ ಬದಲಾಗುತ್ತವೆ, ಹಾಗಾಗಿ ಒಂದೆರಡು ಹೋದರೆ ಕರುಳಿಗೆ ನಷ್ಟವಿಲ್ಲ.

ಆದರೆ ಉರಿಯೂತ ಜೋರಾದರೆ ಲಾಭ ಸಾಲ್ಮೊನೆಲ್ಲಾಕ್ಕೇ. ಬಿಳಿ ರಕ್ತಕಣಗಳು ಬಿಡುವ ಆಮ್ಲಜನಕದ ರಾಸಾಯನಿಕಗಳು ಕರುಳಿನ ಥಯೋಸಲ್ಫೇಟ್ ಅನ್ನು ಟೆಟ್ರಾಥಯೋನೇಟ್ ಮಾಡುತ್ತವೆ. ಸಾಲ್ಮೊನೆಲ್ಲಾ ಅದನ್ನು ಬಳಸಿ ಉಸಿರಾಡುತ್ತದೆ, ಅಲ್ಲಿನ ಉಳಿದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ ಅದು ಆಗದು. 2010ರಲ್ಲಿ ಬಾಯ್ಮ್ಲರ್ ಲ್ಯಾಬ್ ತೋರಿಸಿದ್ದು ಇದು. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಮಲದ ಮಾದರಿಯಿಂದ ಸಾಲ್ಮೊನೆಲ್ಲಾ ಬೆಳೆಸಲು ಟೆಟ್ರಾಥಯೋನೇಟ್ ಬ್ರಾತ್ ಹಾಕುತ್ತಾರಲ್ಲ, ದಶಕಗಳಿಂದ ಹಾಕುತ್ತಲೇ ಬಂದಿದ್ದಾರೆ. ಕರುಳಿನೊಳಗೂ ಅದೇ ನಡೆಯುತ್ತದೆ ಎಂದು ಗೊತ್ತಾಗಲು ಇಷ್ಟು ಕಾಲ ಬೇಕಾಯಿತು.

ಆರೋಗ್ಯಪ್ರಿಯ:

ನನಗೆ ವಿಜ್ಞಾನ ಅಷ್ಟು ಬರುವುದಿಲ್ಲ, ಆದರೂ ಪೂರ್ತಿ ಓದಿದೆ. ಒಂದು ಸರಳ ಪ್ರಶ್ನೆ. ಕರುಳಿನ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಮಾರುವ ಪುಡಿ, ಮಾತ್ರೆಗಳು ಈ ರಿಸೆಪ್ಟರ್‌ಗಳ ಮೇಲೆ ಕೆಲಸ ಮಾಡುತ್ತವಾ?

ಗ್ಯಾಸ್ಟ್ರೋ_ಡಾಕ್ಟರ್:

"ಹೆಚ್ಚಿಸುತ್ತದೆ" ಎಂಬ ಮಾತಿಗೇ ಇಲ್ಲಿ ಅರ್ಥವಿಲ್ಲ. ಮೇಲಿನ ಪೋಸ್ಟ್‌ಗಳನ್ನು ನೋಡಿ. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ, ಜಾಗ ತಪ್ಪಿದರೂ ಕಷ್ಟ. ಯಾವ ರಿಸೆಪ್ಟರ್, ಯಾವ ಕೋಶ, ಎಷ್ಟು ಎಂದು ಹೇಳದೆ ಸುಮ್ನೆ ಶಕ್ತಿ ಹೆಚ್ಚುತ್ತದೆ ಎನ್ನುವ ಡಬ್ಬಿಗೆ ದುಡ್ಡು ಸುರಿಯಬೇಡಿ. ಝೋನುಲಿನ್ ಎಂಬ ಪ್ರೋಟೀನಿನ ರಕ್ತಪರೀಕ್ಷೆ ಮಾಡಿ ಕರುಳು ಸೋರುತ್ತಿದೆ ಎಂದು ಹೇಳುವವರೂ ಇದ್ದಾರೆ. ಮಾರುಕಟ್ಟೆಯಲ್ಲಿ ಸಿಗುವ ಆ ಕಿಟ್‌ಗಳು ಅಳೆಯುವುದು ನಿಜಕ್ಕೂ ಝೋನುಲಿನ್ ಅಲ್ಲವೆಂದು ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಅದನ್ನು ನಂಬಿ ಔಷಧಿ ಶುರು ಮಾಡಬೇಡಿ.

ಈ ರಿಸೆಪ್ಟರ್‌ಗಳ ವಿಷಯದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಜಾಗ ಬೇಕಾದರೆ ಹೇಳುತ್ತೇನೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು. ಅವರ ಕರುಳಿನ ಗೋಡೆಯಲ್ಲಿ ಟಿಎಲ್‌ಆರ್ 4 ತಿಂಗಳು ತುಂಬಿದ ಮಕ್ಕಳಿಗಿಂತ ಜಾಸ್ತಿ ಇರುತ್ತದೆ. ಬ್ಯಾಕ್ಟೀರಿಯಾ ಬಂದು ಸೇರಿದಾಗ ಅದು ಅತಿಯಾಗಿ ಕೆರಳಿ ಕರುಳೇ ಕೊಳೆಯುವ ಎನ್ಇಸಿ ಎಂಬ ಕಾಯಿಲೆಗೆ ದಾರಿಯಾಗುತ್ತದೆ. ತಾಯಿಯ ಹಾಲು ಕುಡಿದ ಮಕ್ಕಳಲ್ಲಿ ಈ ಕಾಯಿಲೆ ಕಡಿಮೆ. ಎದೆಹಾಲಿನ ಕೆಲವು ಸಕ್ಕರೆಗಳು ಟಿಎಲ್‌ಆರ್ 4 ಸಂಕೇತವನ್ನು ತಗ್ಗಿಸುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಒಂದೊಂದು ಹನಿ ಹಾಲಿಗೂ ನಾವು ಅಷ್ಟು ಹಠ ಹಿಡಿಯುವುದು ಅದಕ್ಕೇ.

ತಮ್ಮನಿಗಾಗಿ:

ಡಾಕ್ಟ್ರೇ, ನನ್ನ ತಮ್ಮನಿಗೆ ಕ್ರೋನ್ಸ್ ಕಾಯಿಲೆ, ಕರುಳಿನ ದೀರ್ಘಕಾಲದ ಉರಿಯೂತ. ಅವನ ವಯಸ್ಸು 24. ನಾಡ್2 ಜೀನ್ ಕೆಟ್ಟರೆ ಇದು ಬರುತ್ತದೆ ಎಂದು ಓದಿದೆ. ನಾನೂ ಅವನೂ ಇಬ್ಬರೂ ಟೆಸ್ಟ್ ಮಾಡಿಸಬೇಕಾ? ರಾತ್ರಿ ನಿದ್ದೆ ಬರುವುದಿಲ್ಲ, ನನಗೂ ಬಂದೀತಾ ಎಂದಲ್ಲ, ಅವನಿಗೆ ಏನಾದರೂ ದಾರಿ ಸಿಗುತ್ತದಾ ಎಂದು.

ಗ್ಯಾಸ್ಟ್ರೋ_ಡಾಕ್ಟರ್:

ನಿಮ್ಮ ಆತಂಕ ಅರ್ಥವಾಗುತ್ತದೆ. ನೇರವಾಗಿ ಹೇಳುತ್ತೇನೆ, ನಾಡ್2 ಟೆಸ್ಟ್‌ನಿಂದ ಅವರ ಚಿಕಿತ್ಸೆ ಬದಲಾಗುವುದಿಲ್ಲ. ಬೇಕಿಲ್ಲ.

ವಿಷಯ ಹೀಗಿದೆ. ನಾಡ್2 ಕೋಶದ ಒಳಗಿರುವ ರಿಸೆಪ್ಟರ್, ಬ್ಯಾಕ್ಟೀರಿಯಾದ ಗೋಡೆಯ ಮುರಾಮಿಲ್ ಡೈಪೆಪ್ಟೈಡ್ ಎಂಬ ಚೂರನ್ನು ಗುರುತಿಸುತ್ತದೆ. 2001ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದಕ್ಕೂ ಕ್ರೋನ್ಸ್‌ಗೂ ಸಂಬಂಧ ಕಂಡವು. ಮುಖ್ಯವಾಗಿ ಮೂರು ಬದಲಾವಣೆಗಳು. ಅವು ಯುರೋಪ್ ಮೂಲದ ಜನರಲ್ಲಿ ಕಾಣುತ್ತವೆ, ಜಪಾನ್, ಚೀನಾ, ಕೊರಿಯಾದ ರೋಗಿಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಅಲ್ಲೆಲ್ಲ ಕ್ರೋನ್ಸ್ ಇದೆ. ಇನ್ನು ಈ ಬದಲಾವಣೆ ಹೊತ್ತವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಕಾಯಿಲೆ ಬರುವುದೇ ಇಲ್ಲ.

ಈ ಚರ್ಚೆಗೆ ಸಂಬಂಧಿಸಿದ್ದು ಇನ್ನೊಂದಿದೆ. ಆ ಬದಲಾವಣೆಗಳಿಂದ ನಾಡ್2 ಜೋರಾಗುವುದಿಲ್ಲ, ಮಂದವಾಗುತ್ತದೆ. ಪ್ಯಾನೆತ್ ಕೋಶಗಳಲ್ಲೂ ನಾಡ್2 ಇದೆ. ಗುರುತಿಸುವುದು ಮಂದವಾಗಿ, ಬ್ಯಾಕ್ಟೀರಿಯಾವನ್ನು ದೂರ ಇಡುವ ಕೆಲಸ ಹಿಂದೆ ಬಿದ್ದು, ಕೊನೆಗೆ ಬೇರೆ ದಾರಿಯಿಂದ ಉರಿಯೂತ ಬರುತ್ತದೆ ಎಂಬುದು ಈಗಿನ ಮುಖ್ಯ ವಿವರಣೆ.

ತಮ್ಮ ಸಿಗರೇಟ್ ಸೇದುತ್ತಾರಾ? ಕ್ರೋನ್ಸ್ ಇರುವವರು ಸೇದಿದರೆ ಕಾಯಿಲೆ ಜಾಸ್ತಿಯಾಗುತ್ತದೆ, ಆಪರೇಷನ್ ಸಾಧ್ಯತೆಯೂ ಹೆಚ್ಚುತ್ತದೆ. ಜೀನ್ ಟೆಸ್ಟ್‌ಗಿಂತ ಇದು ದೊಡ್ಡ ವಿಷಯ. ಜೊತೆಗೆ ಹೊಟ್ಟೆನೋವು ಕಡಿಮೆಯಾಯಿತು ಎಂದು ಔಷಧಿ ನಿಲ್ಲಿಸಲು ಬಿಡಬೇಡಿ. ನೋವಿಲ್ಲದಿದ್ದರೂ ಒಳಗೆ ಹುಣ್ಣು ಇರಬಹುದು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಯಾವಾಗ ಮಾಡಿಸಬೇಕು ಎಂದು ಅವರ ಡಾಕ್ಟರನ್ನು ಕೇಳಿ. ಕರುಳಿಗೆ ಬಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್ ಅದು. ಒಳಗಿನ ಉರಿಯೂತ ಎಷ್ಟಿದೆ ಎಂದು ಸ್ಕೋಪ್ ಹಾಕದೆಯೇ ಒಂದು ಅಂದಾಜು ಸಿಗುತ್ತದೆ.

ತಮ್ಮನಿಗಾಗಿ:

ಸೇದುತ್ತಾನೆ ಡಾಕ್ಟ್ರೇ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾನೆ. ಇವತ್ತೇ ಮಾತಾಡುತ್ತೇನೆ. ಕ್ಯಾಲ್‌ಪ್ರೊಟೆಕ್ಟಿನ್ ಹೆಸರು ಬರೆದಿಟ್ಟುಕೊಂಡೆ.

ಶ್ವೇತಾ_ಎಂಎಸ್ಸಿ:

ಒಂದೇ ಒಂದು ಉಳಿಯಿತು. ಗೋಡೆಯ ಕೋಶಗಳು ಸುಮ್ಮನಿರುತ್ತವೆ ಸರಿ, ಅದರ ಕೆಳಗಿರುವ, ಬ್ಯಾಕ್ಟೀರಿಯಾ ನುಂಗುವ ಮ್ಯಾಕ್ರೋಫೇಜ್ ಕೋಶಗಳು? ಅವು ರಕ್ತದಿಂದ ಬಂದವು, ಅಲ್ಲಿ ಟಿಎಲ್‌ಆರ್ ಜಾಸ್ತಿ ಇರಬೇಕಲ್ಲ.

ಕರುಳುಕೋಶ:

ರಿಸೆಪ್ಟರ್ ಇರುತ್ತವೆ, ಆದರೆ ಕರುಳಿಗೆ ಬಂದು ನೆಲೆಸಿದ ಮೇಲೆ ಮ್ಯಾಕ್ರೋಫೇಜ್‌ನ ಸ್ವಭಾವವೇ ಬದಲಾಗುತ್ತದೆ. ಅಲ್ಲಿನ ಟಿಜಿಎಫ್ ಬೀಟಾ, ಐಎಲ್-10 ಎಂಬ ಸಂಕೇತ ಪ್ರೋಟೀನುಗಳು ಅದನ್ನು ಪಳಗಿಸುತ್ತವೆ. ಬ್ಯಾಕ್ಟೀರಿಯಾ ನುಂಗುತ್ತದೆ, ಕೊಲ್ಲುತ್ತದೆ, ಆದರೆ ಉರಿಯೂತ ಎಬ್ಬಿಸುವ ಟಿಎನ್ಎಫ್ ಸುರಿಸಿ ಊರೆಲ್ಲ ಎಬ್ಬಿಸುವುದಿಲ್ಲ. ಐಎಲ್-10 ರಿಸೆಪ್ಟರ್ ಹುಟ್ಟಿನಿಂದಲೇ ಕೆಟ್ಟಿರುವ ಶಿಶುಗಳಿಗೆ ಮೊದಲ ತಿಂಗಳುಗಳಲ್ಲೇ ತೀವ್ರ ಕೊಲೈಟಿಸ್ ಬರುತ್ತದೆ, 2009ರಲ್ಲಿ ಅದರ ಕಾರಣ ಗೊತ್ತಾಯಿತು. ಅಸ್ಥಿಮಜ್ಜೆ ಕಸಿ ಮಾಡಿದರೆ ಮಗು ಚೇತರಿಸಿಕೊಳ್ಳುತ್ತದೆ. ಗೋಡೆಯ ಕೋಶಗಳು ಹಳೆಯವೇ, ಬದಲಾದದ್ದು ರಕ್ತದ ಕೋಶಗಳು ಮಾತ್ರ.